ಗಗನವೇರಿದ ಹಣ್ಣುಹಂಪಲು

ಗಿಡದಿಂದ ಕಿತ್ತ ಹಣ್ಣು ಜೀವವಿಲ್ಲದ ವಸ್ತುವಲ್ಲ. ಬುಟ್ಟಿಯಲ್ಲಿ ಕುಳಿತಾಗಲೂ ಅದು ಉಸಿರಾಡುತ್ತದೆ. ತನ್ನೊಳಗಿನ ಸಕ್ಕರೆಯನ್ನು ವ್ಯಯಮಾಡಿಕೊಂಡು ಶಾಖವನ್ನು ಹೊರಸೂಸುತ್ತದೆ. ಆ ಶಾಖದಿಂದಲೇ ಬೇಗ ಮಾಗಿ ಬೇಗ ಕೊಳೆಯುತ್ತದೆ. ಮೀನು ಮಾಂಸಗಳಂತೂ ಸೂಕ್ಷ್ಮಜೀವಿಗಳ ಪಾಲಾಗಿ ಇನ್ನೂ ಶೀಘ್ರವಾಗಿ ಕೆಡುತ್ತವೆ. ಆದುದರಿಂದಲೇ ದೇಶದೇಶಗಳ ನಡುವಣ ಆಹಾರದ ವ್ಯಾಪಾರವು ಶತಮಾನಗಳ ಕಾಲ ಒಣಪದಾರ್ಥಗಳ ವ್ಯಾಪಾರವಾಗಿಯೇ ಉಳಿಯಿತು. ಮೆಣಸು, ಏಲಕ್ಕಿ, ಧಾನ್ಯ, ಒಣಮೀನುಗಳು ಕಡಲನ್ನು ದಾಟಿದವು. ಮಾವು, ಬದನೆ, ಸೊಪ್ಪುಗಳು ಹತ್ತಿರದ ಸಂತೆಯನ್ನು ದಾಟಲಿಲ್ಲ.

ಈ ಕಟ್ಟನ್ನು ಮೊದಲು ಸಡಿಲಿಸಿದ್ದು ವೇಗವಲ್ಲ, ಶೈತ್ಯ. ೧೮೮೨ರಲ್ಲಿ ‘ಡನೀಡಿನ್’ ಎಂಬ ಹಾಯಿಹಡಗು ತನ್ನ ಒಡಲಿನಲ್ಲಿ ಶೈತ್ಯಯಂತ್ರವನ್ನಿರಿಸಿಕೊಂಡು, ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು ತುಂಬಿಕೊಂಡು ನ್ಯೂಜಿಲೆಂಡಿನಿಂದ ಹೊರಟಿತು. ೯೮ ದಿನಗಳ ಪ್ರಯಾಣದ ತರುವಾಯ ಅದು ಲಂಡನ್ ಸೇರಿದಾಗ ಮಾಂಸವು ಉಣ್ಣಲು ಯೋಗ್ಯವಾಗಿಯೇ ಇತ್ತು. ಹೆಪ್ಪುಗಟ್ಟಿದ ಆಹಾರಕ್ಕೆ ಅವಸರವಿಲ್ಲವೆಂಬುದು ಅಂದೇ ಸಿದ್ಧವಾಯಿತು. ಸೊನ್ನೆಗಿಂತ ೧೮ ಡಿಗ್ರಿ ಕೆಳಗಿನ ತಾಪದಲ್ಲಿರಿಸಿದ ಸೀಗಡಿಗೆ ಒಂದು ತಿಂಗಳ ಸಮುದ್ರಯಾನ ಏನೇನೂ ಹೆಚ್ಚಲ್ಲ. ಭಾರತದ ಸೀಗಡಿಯು ಅಮೆರಿಕವನ್ನು ತಲಪುವುದು ಬಹುಮಟ್ಟಿಗೆ ಈ ಮಾರ್ಗದಿಂದಲೇ. ಇಂತಹ ಸರಕನ್ನು ವಿಮಾನಕ್ಕೇರಿಸುವುದು, ತೀರ ಅಲ್ಪ ಪ್ರಮಾಣದ ತುರ್ತಿನ ಹೊರತು, ಹಣವನ್ನೂ ಇಂಧನವನ್ನೂ ಗಾಳಿಗೆ ತೂರಿದಂತೆಯೇ ಸರಿ.

ವಿಮಾನವು ಬೇಕಾದದ್ದು ಹೆಪ್ಪುಗಟ್ಟಿಸಲಾಗದ, ಹೆಪ್ಪುಗಟ್ಟಿಸಿದರೆ ಸ್ವಾದಗೆಡುವ ತಾಜಾ ಪದಾರ್ಥಗಳಿಗೆ. ಈ ವಹಿವಾಟು ಬೆಳೆದ ಬಗೆಯೂ ವಿನೋದಕರವಾಗಿದೆ. ೧೯೭೦ರ ಸುಮಾರಿಗೆ ಜಪಾನಿನ ವಿಮಾನಗಳು ರೇಡಿಯೊ ಮೊದಲಾದ ವಿದ್ಯುನ್ಮಾನ ಸರಕುಗಳನ್ನು ಹೊತ್ತು ಉತ್ತರ ಅಮೆರಿಕಕ್ಕೆ ಹೋಗಿ, ಹಿಂದಿರುಗುವಾಗ ಬರಿಹೊಟ್ಟೆಯಲ್ಲಿ ಹಾರುತ್ತಿದ್ದವು. ಆ ಹೊಟ್ಟೆಯನ್ನು ಏನಿನಿಂದ ತುಂಬಿಸಬಹುದೆಂದು ಹುಡುಕುತ್ತಿದ್ದ ಜಪಾನ್ ಏರ್‌ಲೈನ್ಸಿನ ಅಕೀರಾ ಒಕಾಜಾಕಿ ಎಂಬ ನೌಕರನ ಕಣ್ಣಿಗೆ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಟ್ಯೂನಾ ಮೀನು ಬಿದ್ದಿತು. ಅಲ್ಲಿ ಅದನ್ನು ಕೇಳುವವರಿರಲಿಲ್ಲ. ಶೋಕಿಗಾಗಿ ಹಿಡಿದು, ಚಿತ್ರ ತೆಗೆಸಿಕೊಂಡು, ಮಣ್ಣಿನಲ್ಲಿ ಹೂಳುವುದೂ ಇತ್ತು. ೧೯೭೨ರ ಆಗಸ್ಟಿನಲ್ಲಿ ಆ ಮೀನು ಟೋಕಿಯೊ ನಗರದ ತ್ಸುಕಿಜಿ ಮಾರುಕಟ್ಟೆಯಲ್ಲಿ ಹರಾಜಾಯಿತು. ಮಣ್ಣುಪಾಲಾಗುತ್ತಿದ್ದುದು ಮಹಾರ್ಘ ವಸ್ತುವಾಯಿತು. ಆದರೆ ಆ ಬೆಲೆಯೇ ಮುಂದೆ ಆ ಮೀನಿನ ಸಂತತಿಗೆ ಮುಳುವಾಯಿತೆಂಬುದನ್ನೂ ಮರೆಯಬಾರದು.

ಇಂದಿಗೂ ವಿಮಾನದ ಸರಕಿನಲ್ಲಿ ದೊಡ್ಡ ಪಾಲು ಪ್ರಯಾಣಿಕರ ಕಾಲಡಿಯಲ್ಲಿಯೇ ಸಾಗುತ್ತದೆ. ಮೇಲೆ ಕುಳಿತವರು ತಮಗೆ ನೀಡಿದ ಊಟ ರುಚಿಯಿಲ್ಲವೆಂದು ಗೊಣಗುತ್ತಿರುವಾಗ ಕೆಳಗೆ ಅತ್ಯುತ್ತಮವಾದ ಹಣ್ಣುಗಳು ಕತ್ತಲಲ್ಲಿ ಪಯಣಿಸುತ್ತಿರುತ್ತವೆ! ಈ ಪ್ರಯಾಣಕ್ಕೆ ಸಿದ್ಧತೆ ಬಹಳ. ಕೊಯ್ದ ಒಡನೆಯೇ ಹೊಲದ ಬಿಸಿಯನ್ನು ತಣಿಸಬೇಕು; ತೂತುಗಳುಳ್ಳ ಪೆಟ್ಟಿಗೆಯಲ್ಲಿ ಜೋಡಿಸಬೇಕು; ತಣ್ಣನೆಯ ವಾಹನದಲ್ಲಿ ನಿಲ್ದಾಣಕ್ಕೆ ಒಯ್ಯಬೇಕು. ಹೆಪ್ಪುಗಟ್ಟಿದ ಪದಾರ್ಥವಾದರೆ ಜೊತೆಗೆ ಡ್ರೈ ಐಸನ್ನು ಇರಿಸುತ್ತಾರೆ. ಸೊನ್ನೆಗಿಂತ ೭೮ ಡಿಗ್ರಿ ಕೆಳಗಿರುವ ಈ ಘನರೂಪದ ಇಂಗಾಲದ ಡೈಆಕ್ಸೈಡು ನೀರಾಗದೆ ನೇರವಾಗಿ ಅನಿಲವಾಗುತ್ತದೆ. ಮುಚ್ಚಿದ ಜಾಗದಲ್ಲಿ ಉಸಿರಾಡುವ ಗಾಳಿಯನ್ನು ಹೊರದೂಡುತ್ತದೆಯಾದ ಕಾರಣ ವಿಮಾನಯಾನದಲ್ಲಿ ಅದನ್ನು ಅಪಾಯಕಾರಿ ಸರಕೆಂದು ಗಣಿಸಿ ಮಿತಿ ಹಾಕಿದ್ದಾರೆ. ಬಾಡಿಗೆಯ ಲೆಕ್ಕವೂ ವಿಚಿತ್ರವೇ. ತೂಕ ಕಡಿಮೆಯಿದ್ದು ಜಾಗ ಹೆಚ್ಚು ಹಿಡಿದರೆ ಸಾಮಾನ್ಯವಾಗಿ ೬೦೦೦ ಘನ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಎಂದು ಎಣಿಸಿ ಹಣ ವಸೂಲು ಮಾಡುತ್ತಾರೆ. ಕೊತ್ತಂಬರಿ ಸೊಪ್ಪು ತನ್ನ ಭಾರಕ್ಕಲ್ಲ, ತನ್ನ ಹರವಿಗೆ ದಂಡ ತೆರುತ್ತದೆ.

ಇಷ್ಟೆಲ್ಲ ಸಾಹಸ ಯುಕ್ತವೇ ಎಂಬ ಆಕ್ಷೇಪ ಬಹುಕಾಲದಿಂದ ಇದೆ. ಅದು ತಳ್ಳಿಹಾಕುವಂತಹುದಲ್ಲ. ಒಂದೇ ತೂಕವನ್ನು ಒಂದೇ ದೂರ ಸಾಗಿಸಲು ಹಡಗು ಹೊರಬಿಡುವ ಮಲಿನ ಅನಿಲದ ಸುಮಾರು ೫೦ ಪಟ್ಟನ್ನು ವಿಮಾನ ಹೊರಬಿಡುತ್ತದೆ. ೨೦೦೭ರಲ್ಲಿ ಇಂಗ್ಲೆಂಡಿನ ಕೆಲವು ದೊಡ್ಡ ಅಂಗಡಿಗಳು ವಿಮಾನದಲ್ಲಿ ಬಂದ ಪದಾರ್ಥಗಳ ಮೇಲೆ ವಿಮಾನದ ಗುರುತನ್ನು ಅಂಟಿಸಲಾರಂಭಿಸಿದವು. ಸಾವಯವ ಕೃಷಿಗೆ ಪ್ರಮಾಣಪತ್ರ ಕೊಡುವ ಅಲ್ಲಿನ ಸಂಸ್ಥೆಯೊಂದು ವಿಮಾನವೇರಿದ ಪದಾರ್ಥಕ್ಕೆ ಆ ಪತ್ರವನ್ನೇ ನಿರಾಕರಿಸಬೇಕೆ ಎಂದು ಚರ್ಚಿಸಿತು. ಆಗ ಎದುರು ನಿಂತ ಪ್ರಶ್ನೆ ಕೀನ್ಯಾ ದೇಶದ್ದು. ಅಲ್ಲಿನ ಸಣ್ಣ ರೈತರು ಬೆಳೆದ ಎಳೆಯ ಹುರುಳಿಕಾಯಿ ನೈರೋಬಿಯಲ್ಲಿ ಪೊಟ್ಟಣಗೊಂಡು, ರಾತ್ರಿಯ ವಿಮಾನವೇರಿ ಲಂಡನ್ನಿನ ಅಂಗಡಿಗಳನ್ನು ಸೇರುತ್ತದೆ. ಶತಮಾನಗಳಿಂದ ಕಲ್ಲಿದ್ದಲನ್ನು ಸುಟ್ಟು ಸಿರಿವಂತವಾದ ನಾಡು, ವಾತಾವರಣದ ಹೆಸರಿನಲ್ಲಿ ಬಡ ರೈತನ ಕಾಯಿಪಲ್ಲೆಗೆ ಬಾಗಿಲು ಮುಚ್ಚುವುದು ಯಾವ ನ್ಯಾಯ? ಸಂಸ್ಥೆಯು ಕಡೆಗೆ ನಿಷೇಧಕ್ಕೆ ಹೋಗಲಿಲ್ಲ. ಅದು ಸರಿಯಾದ ತೀರ್ಮಾನವೇ. ಜಗತ್ತಿನ ಒಟ್ಟು ಆಹಾರ ಸಾಗಣೆಯಲ್ಲಿ, ತೂಕ ಮತ್ತು ದೂರಗಳ ಲೆಕ್ಕದಲ್ಲಿ, ವಿಮಾನದ ಪಾಲು ಶೇಕಡಾ ಒಂದನ್ನೂ ಮುಟ್ಟದು. ಆದರೆ ಆ ಅತ್ಯಲ್ಪ ಪಾಲನ್ನೇ ನೆಚ್ಚಿದ ಸಂಸಾರಗಳು ಬಹಳ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೊಂದಿದೆ: ಈ ವ್ಯಾಪಾರದ ಲಾಭ ಹಲವರಿಗೆ, ನಷ್ಟ ಮಾತ್ರ ಕೆಳಗಿನವರಿಗೆ. ೨೦೧೦ರ ಏಪ್ರಿಲಿನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯೊಂದು ಬೂದಿಯನ್ನು ಉಗುಳಿ ಯೂರೋಪಿನ ಆಕಾಶವನ್ನು ಹಲವು ದಿನ ಮುಚ್ಚಿತು. ಬೆಂಕಿ ಎದ್ದದ್ದು ಉತ್ತರದ ಹಿಮದ ನಾಡಿನಲ್ಲಿ. ಕೊಳೆತದ್ದು ಕೀನ್ಯಾದ ಹೂವು ತರಕಾರಿ. ೨೦೨೦ರಲ್ಲಿ ಕೋವಿಡ್ ವ್ಯಾಧಿಯಿಂದ ಪ್ರಯಾಣಿಕರ ವಿಮಾನಗಳು ನಿಂತಾಗ ಅವುಗಳ ಹೊಟ್ಟೆಯಲ್ಲಿ ಸಾಗುತ್ತಿದ್ದ ಸರಕಿಗೂ ಜಾಗವಿಲ್ಲದಾಯಿತು.

ಪ್ರಕೃತಿಯ ಕೋಪವನ್ನು ತಡೆಯಲಾಗದು ನಿಜ. ಆದರೆ ಕಾಗದದ ಕೋಪವನ್ನು ಏನೆನ್ನಬೇಕು? ಭಾರತದ ಮಾವಿಗೆ ಅಮೆರಿಕದ ಬಾಗಿಲು ತೆರೆದದ್ದು ೨೦೦೭ರಲ್ಲಿ. ಹಣ್ಣಿನೊಡನೆ ಕೀಟ ಹೋಗಬಾರದೆಂದು ಅದಕ್ಕೆ ಮೊದಲು ವಿಕಿರಣ ಸಂಸ್ಕಾರವಾಗಬೇಕು, ಅದನ್ನು ಅಮೆರಿಕದ ಅಧಿಕಾರಿಯೇ ನಿಂತು ನೋಡಿ ಪತ್ರ ಬರೆಯಬೇಕು. ೨೦೨೫ರ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಹೊರಟ ಸುಮಾರು ೧೫ ಸರಕುಗಳು ಅಮೆರಿಕದ ವಿಮಾನನಿಲ್ದಾಣಗಳಲ್ಲಿ ತಡೆಯಲ್ಪಟ್ಟವು. ಹಣ್ಣಿನಲ್ಲಿ ಹುಳು ಕಂಡಿರಲಿಲ್ಲ. ಪತ್ರದಲ್ಲಿ ದೋಷವಿದೆಯೆಂಬುದೇ ಕಾರಣ. ಹಿಂದಕ್ಕೆ ತರುವ ಬಾಡಿಗೆ ಹಣ್ಣಿನ ಬೆಲೆಯನ್ನೂ ಮೀರುತ್ತಿದ್ದುದರಿಂದ ವರ್ತಕರು ಅವನ್ನು ಅಲ್ಲಿಯೇ ನಾಶಪಡಿಸಬೇಕಾಯಿತು. ಸಂಸ್ಕಾರ ಮುಗಿದು, ಬಾಡಿಗೆ ತೆತ್ತು, ಸಾಗರ ದಾಟಿದ ಮೇಲೆ ಕಾಗದವನ್ನು ಓದುವ ಪದ್ಧತಿ ಯಾರಿಗೂ ಒಪ್ಪುವಂತಹುದಲ್ಲ. ಪರೀಕ್ಷೆಯೆಲ್ಲ ವಿಮಾನ ಹೊರಡುವ ಮುನ್ನವೇ ಮುಗಿಯತಕ್ಕದ್ದು. ಅನಂತರ ಕಾಣುವ ಲೋಪದ ನಷ್ಟವನ್ನು ಪತ್ರ ಬರೆದವರೂ ಕೊಳ್ಳುವವರೂ ಹಂಚಿಕೊಳ್ಳತಕ್ಕದ್ದು. ಅದೇ ರೀತಿ, ೨೦೧೪ರಲ್ಲಿ ಯೂರೋಪು ಭಾರತದ ಮಾವು, ಬದನೆ, ಹಾಗಲ, ಪಡವಲ, ಕೆಸುವುಗಳನ್ನು ನಿಷೇಧಿಸಿದ್ದನ್ನು ಕೇವಲ ಪರದೇಶದ ಹಗೆತನವೆಂದು ಬಗೆಯುವುದೂ ತಪ್ಪು. ಅಂದು ಪೆಟ್ಟಿಗೆಗಳಲ್ಲಿ ಹಣ್ಣಿನ ನೊಣ ಮೊದಲಾದ ಕೀಟಗಳು ನಿಜವಾಗಿಯೂ ಸಿಕ್ಕಿದ್ದವು. ಇಲ್ಲಿನ ಪರೀಕ್ಷೆ ಬಿಗಿಯಾದ ಮೇಲೆ ೨೦೧೫ರಲ್ಲಿ ಮಾವಿಗೆ ಮತ್ತೆ ಪ್ರವೇಶ ದೊರೆಯಿತು.

ಮಾವಿನ ನಾಡೆನಿಸಿದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಿಂದ ದೇವನಹಳ್ಳಿಯ ವಿಮಾನನಿಲ್ದಾಣ ದೂರವೇನಲ್ಲ. ಅದೇ ಜಿಲ್ಲೆಯ ಮಾಲೂರಿನಲ್ಲಿ ವಿಕಿರಣ ಸಂಸ್ಕಾರದ ಘಟಕವೂ ಇದೆ. ಆದರೂ ಅಲ್ಲಿನ ತೋತಾಪುರಿಯ ಬಹುಭಾಗ ಹೋಗುವುದು ತಿರುಳು ತೆಗೆಯುವ ಕಾರ್ಖಾನೆಗಳಿಗೆ. ತಿರುಳು ಡಬ್ಬಿ ಪೀಪಾಯಿಗಳಲ್ಲಿ ನಿಶ್ಚಿಂತೆಯಾಗಿ ಹಡಗೇರಬಲ್ಲದು; ಅದಕ್ಕೆ ಆಕಾಶ ಬೇಕಿಲ್ಲ. ಆದರೆ ೨೦೨೫ರ ಜೂನಿನಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯು ಹೊರರಾಜ್ಯದ ತೋತಾಪುರಿಗೆ ತನ್ನ ಗಡಿಯನ್ನು ಮುಚ್ಚಿದಾಗ, ಗಡಿಯಾಚೆಯ ಕಾರ್ಖಾನೆಗಳನ್ನೇ ನಂಬಿದ್ದ ಬೆಳೆಗಾರರು ಕಂಗಾಲಾದರು, ಬೆಲೆ ನೆಲಕಚ್ಚಿತು. ನ್ಯೂಯಾರ್ಕಿನ ಅಂಗಡಿಗೆ ಹಣ್ಣನ್ನು ಹಾರಿಸುವ ಯೋಜನೆಗಳು ಕೇಳಲು ಇಂಪಾಗಿಯೇ ಇವೆ. ಅವುಗಳಿಗೆ ಮುನ್ನ ತೋಪಿನ ಹತ್ತಿರ ಹಣ್ಣನ್ನು ತಣಿಸುವ ಕೋಠಿಯೂ, ತಿರುಳು ತೆಗೆಯುವ ಕಾರ್ಖಾನೆಯೂ ಎದ್ದು ನಿಲ್ಲಬೇಕು. ಕೊಯ್ದ ಹಣ್ಣನ್ನು ನಾಲ್ಕು ದಿನ ಕಾಯ್ದಿರಿಸಬಲ್ಲ ರೈತನು ಮಾತ್ರ ವಿಮಾನದ ವರ್ತಕನೊಡನೆಯೂ ಮಂಡಿಯ ದಲ್ಲಾಳಿಯೊಡನೆಯೂ ತನ್ನ ಬೆಲೆಯನ್ನು ತಾನೇ ಹೇಳಬಲ್ಲನು.