ಓಡದ ಕಾರಿಗೂ ವಯಸ್ಸಾಗುತ್ತದೆ



ಪ್ರತಿ ತರಗತಿಯಲ್ಲೂ ಸ್ಪೋರ್ಟ್ಸ್ ಕಾರುಗಳ ಪಂಡಿತರೊಬ್ಬರು ಇದ್ದೇ ಇರ್ತಾರೆ. ಯಾವ ಕಾರು ಎಷ್ಟು ಸೆಕೆಂಡಿಗೆ 100 ಕಿಲೋಮೀಟರ್ ವೇಗ ಮುಟ್ಟುತ್ತದೆ ಅಂತ ಕೇಳಿ, ಪಟಪಟ ಹೇಳ್ತಾರೆ. ಅದರ ಬ್ರೇಕ್ ಆಯಿಲ್ ಯಾವಾಗ ಬದಲಿಸಬೇಕು ಅಂತ ಕೇಳಿ, ಸುಮ್ಮನಾಗ್ತಾರೆ. ಕಾರಿಟ್ಟುಕೊಂಡ ದೊಡ್ಡವರಲ್ಲೂ ಅನೇಕರು ಹೇಳುವುದು ಇಷ್ಟೇ: "ಗಾಡಿ ಜಾಸ್ತಿ ಓಡಿಲ್ಲ, ಈಗ್ಲೇ ಯಾಕೆ?" ಈ ಮಾತು ತಪ್ಪು ಎಂಬುದೇ ನನ್ನ ವಾದ.

ವಯನಾಡಿನ ತಾಮರಶ್ಶೇರಿ ಚುರವನ್ನು, ಅಂದರೆ ಘಾಟಿಯನ್ನು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಮೈಸೂರು, ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ದಾಟಿ ಬರುವ ರಸ್ತೆ ಲಕ್ಕಿಡಿಯಿಂದ ಅಡಿವಾರಕ್ಕೆ 9 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುತ್ತದೆ. ರಜೆ ಬಂದರೆ ಈ ದಾರಿಯಲ್ಲಿ ದುಬಾರಿ ಕಾರುಗಳೂ ಇಳಿಯುತ್ತವೆ.

ಈಗ ಒಂದು ಲೆಕ್ಕ ಮಾಡೋಣ. 1500 ಕಿಲೋಗ್ರಾಂ ತೂಕದ ಕಾರು ಒಟ್ಟು 600 ಮೀಟರ್ ಕೆಳಗಿಳಿಯಿತು ಎಂದುಕೊಳ್ಳಿ. ನಿಮ್ಮ ಪಾಠದ ಸೂತ್ರದಂತೆ 1500 × 10 × 600, ಅಂದರೆ 90 ಲಕ್ಷ ಜೌಲ್. ಸುಮಾರು 28 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು! ಸ್ವಲ್ಪ ಭಾಗ ಗಾಳಿಗೆ, ಸ್ವಲ್ಪ ಎಂಜಿನ್ನಿಗೆ ಹೋಗುತ್ತದೆ. ಆದರೆ ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಹೆಚ್ಚಿನದೆಲ್ಲ ಬ್ರೇಕ್ ಡಿಸ್ಕಿನಲ್ಲಿ ಶಾಖವಾಗುತ್ತದೆ. ಆ ಶಾಖ ಪ್ಯಾಡ್, ಕ್ಯಾಲಿಪರ್ ಮೂಲಕ ಬ್ರೇಕ್ ಆಯಿಲನ್ನು ತಲುಪುತ್ತದೆ.

ಹೆಸರು ಆಯಿಲ್, ಆದರೆ ಇದು ಎಂಜಿನ್ ಆಯಿಲಿನಂಥದ್ದಲ್ಲ. ಸಾಮಾನ್ಯವಾಗಿ ಗ್ಲೈಕಾಲ್ ವರ್ಗದ ದ್ರವ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಅಡುಗೆಮನೆಯಲ್ಲಿ ನೋಡಿದ್ದೀರಲ್ಲ? ಈ ದ್ರವವೂ ಹಾಗೇ, ಗಾಳಿಯ ತೇವವನ್ನು ಹೀರುತ್ತದೆ. ರಬ್ಬರ್ ಕೊಳವೆಗಳ ಮೂಲಕವೂ ತೇವ ನಿಧಾನವಾಗಿ ಒಳಗೆ ಸೇರುತ್ತದೆ. ಕಾರು ಓಡಲಿ, ಶೆಡ್ಡಿನಲ್ಲಿ ನಿಂತಿರಲಿ, ಈ ಕೆಲಸ ನಿಲ್ಲುವುದಿಲ್ಲ.

ಡಾಟ್ 4 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು 3.7 ಶೇಕಡ ನೀರು ಸೇರಿದ ಮೇಲೆ ಅದೇ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಇಷ್ಟು ಚೂರು ನೀರಿಗೆ 75 ಡಿಗ್ರಿ ನಷ್ಟ! ದ್ರವ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಒತ್ತಿ ಕುಗ್ಗಿಸುವುದು ಕಷ್ಟ, ಆವಿಯನ್ನು ಸುಲಭ. ಪ್ಯಾಸ್ಕಲ್ ನಿಯಮದಂತೆ ಚಕ್ರಕ್ಕೆ ಹೋಗಬೇಕಾದ ಒತ್ತಡ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲದು. ಏಳನೇ ತಿರುವಿನಲ್ಲಿ ಹೀಗಾದರೆ? ಆ ಕಾರಿನವರು ಮಾತ್ರವಲ್ಲ, ಎದುರಿನ ಬಸ್ಸಿನವರೂ ಅಪಾಯಕ್ಕೆ ಸಿಕ್ಕಿಕೊಳ್ತಾರೆ.

ದೊಡ್ಡ ಡಿಸ್ಕ್ ಇದ್ದ ಮಾತ್ರಕ್ಕೆ ಸ್ಪೋರ್ಟ್ಸ್ ಕಾರಿಗೆ ರಿಯಾಯಿತಿ ಇಲ್ಲ. ಹೆಚ್ಚು ವೇಗದಿಂದ ನಿಲ್ಲಿಸುವಾಗ ಅದರಲ್ಲಿ ಹೆಚ್ಚು ಶಾಖ ಹುಟ್ಟುತ್ತದೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ಮೇಲಾಗಿ ಇಂಥ ಕಾರು ವರ್ಷದ ಬಹುಪಾಲು ಶೆಡ್ಡಿನಲ್ಲೇ ಇರುತ್ತದೆ. ಆದ್ದರಿಂದಲೇ ಅನೇಕ ತಯಾರಕರು, ಎಷ್ಟೇ ಓಡಿರಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅನ್ನುತ್ತಾರೆ. ಮೇಲಿಂದ ಸ್ವಲ್ಪ ಹೊಸದು ಸುರಿದರೆ ಮಟ್ಟ ಏರುತ್ತದೆ, ಒಳಗಿನ ನೀರು ಹೋಗುವುದಿಲ್ಲ. ಕೂಲಂಟ್‌ನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳೂ ಕಾಲಕ್ರಮೇಣ ಖರ್ಚಾಗುತ್ತವೆ. ಬರೀ ಹತ್ತಿರದ ಓಡಾಟವಾದರೆ ಎಂಜಿನ್ ಪೂರ್ತಿ ಬಿಸಿಯಾಗದೆ ಅದರ ಆಯಿಲಿನಲ್ಲಿ ತೇವ ಉಳಿಯುತ್ತದೆ. ಅದಕ್ಕೇ ಕೈಪಿಡಿಯಲ್ಲಿ "ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು" ಅಂತ ಇರುವುದು.

ಲಕ್ಷಗಟ್ಟಲೆ ಕೊಟ್ಟು ಕಾರು ತಂದು, ಕೆಲವು ನೂರು ರೂಪಾಯಿಯ ದ್ರವಕ್ಕೆ ಜಿಪುಣತನ ಮಾಡುವುದು ಜಾಣತನವೇ? ನೀವೇ ಹೇಳಿ.

ಇವತ್ತು ಮನೆಯ ಬೈಕಿಗೆ ಡಿಸ್ಕ್ ಬ್ರೇಕ್ ಇದ್ದರೆ, ಹ್ಯಾಂಡಲಿನ ಬಳಿಯ ಪುಟ್ಟ ಡಬ್ಬಿ ನೋಡಿ. ಮುಚ್ಚಳದ ಮೇಲೆ ಡಾಟ್ ಸಂಖ್ಯೆ ಇರುತ್ತದೆ. ಮುಚ್ಚಳ ತೆಗೆಯಬೇಡಿ, ಆ ದ್ರವ ವಿಷ, ಬಣ್ಣವನ್ನೂ ಕಿತ್ತುಹಾಕುತ್ತದೆ. ಆಮೇಲೆ ಅಪ್ಪನನ್ನೋ ಅಣ್ಣನನ್ನೋ ಕೇಳಿ: "ಇದನ್ನು ಬದಲಿಸಿ ಎಷ್ಟು ವರ್ಷ ಆಯ್ತು?" ಉತ್ತರ ಗೊತ್ತಿಲ್ಲ ಅಂದರೆ, ಮುಂದಿನ ಸರ್ವೀಸ್‌ನಲ್ಲೇ ಬದಲಿಸಲು ಹೇಳಿ.