ಟಿ.ವಿ.ಗೊಂದು ತಕ್ಕ ನೆಲೆ

ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥವನ್ನು ರಚಿಸಿದನು. ಆಭರಣವು ತಕ್ಕ ಸ್ಥಾನದಲ್ಲಿದ್ದಾಗ ಮಾತ್ರ ಶೋಭೆ ತರುತ್ತದೆ, ಸ್ಥಾನ ತಪ್ಪಿದರೆ ನಗೆಗೀಡಾಗುತ್ತದೆ ಎಂಬುದು ಅವನ ವಾದದ ತಿರುಳು. ಕಾವ್ಯಕ್ಕೆ ಹೇಳಿದ ಈ ಮಾತು ಮನೆಯ ಅಂದಕ್ಕೂ ಸಲ್ಲುತ್ತದೆ. ನಮ್ಮ ಹಿರಿಯರ ಮನೆಗಳಲ್ಲಿ ಒರಳಿಗೊಂದು ಮೂಲೆ, ದೀಪಕ್ಕೊಂದು ಗೂಡು, ಪಾತ್ರೆ-ಪಡಗಗಳಿಗೊಂದು ನಾಗಂದಿಗೆ, ದೇವರಿಗೊಂದು ಜಗಲಿ ಎಂದು ನೆಲೆಗಳು ನಿಶ್ಚಿತವಾಗಿದ್ದವು. ತಡವಾಗಿ ಬಂದ ಟಿ.ವಿ.ಗೆ ಮಾತ್ರ ಹಾಗೆ ಪರಂಪರೆಯಿಂದ ಬಂದ ಸ್ಥಾನವಿರಲಿಲ್ಲ. ಗೋಡೆಯಲ್ಲಿ ಎಲ್ಲಿ ಪ್ಲಗ್ ಇತ್ತೋ ಅಲ್ಲಿ ಅದು ಕುಳಿತಿತು; ಪಡಸಾಲೆಯ ಕುರ್ಚಿಗಳೆಲ್ಲ ಅದರ ಕಡೆಗೆ ಮುಖ ಮಾಡಿದವು.

ನಮ್ಮ ನಾಡಿನ ಹಳ್ಳಿಗಳಿಗೆ ಈ ಯಂತ್ರವು ಮೊದಲು ಬಂದದ್ದು ಊರ ಸೊತ್ತಾಗಿ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ನಡೆದ ಪ್ರಸಾರ ಪ್ರಯೋಗಕ್ಕೆ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ದಿನಕ್ಕೆ ಸುಮಾರು 4 ಗಂಟೆಗಳ ಕಾರ್ಯಕ್ರಮವನ್ನು ಊರವರೆಲ್ಲ ಒಂದೆಡೆ ಕೂಡಿ ನೋಡುತ್ತಿದ್ದರು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. 1982ರಲ್ಲಿ ದೇಶಕ್ಕೆ ಬಣ್ಣದ ಪ್ರಸಾರ ಬಂದಿತು. ಆ ಕಾಲದಲ್ಲಿ ಮನೆಗಳನ್ನು ಸೇರಿದ ಕಪ್ಪು-ಬಿಳುಪು ಪೆಟ್ಟಿಗೆಗಳಲ್ಲಿ ಅನೇಕವಕ್ಕೆ ಮರದ ಕವಚ, ನಾಲ್ಕು ಕಾಲು ಮತ್ತು ಎರಡು ಬದಿಗೆ ಸರಿಯುವ ಕದಗಳಿದ್ದವು. ನೋಡಿ ಮುಗಿದ ಮೇಲೆ ಕದ ಸರಿಸಿದರೆ ಅದು ಸಣ್ಣದೊಂದು ಕಪಾಟಿನಂತೆ ಸುಮ್ಮನಾಗುತ್ತಿತ್ತು. ಈಗಿನ ಚಪ್ಪಟೆ ಟಿ.ವಿ.ಗಳಲ್ಲಿ ಕದ ಇಲ್ಲವಾಯಿತು, ಅಗಲ ಹೆಚ್ಚಾಯಿತು. ಆರಿಸಿದ ಮೇಲೂ ಗೋಡೆಯ ನಡುವೆ ದೊಡ್ಡದೊಂದು ಕರಿಯ ಚೌಕ ಉಳಿಯುತ್ತದೆ.

ಇದಕ್ಕೆ ಪರಿಹಾರವೆಂದು ಗೋಡೆಯುದ್ದದ ಪ್ಲೈವುಡ್ ಕಪಾಟು, ಬಣ್ಣದ ದೀಪಗಳ ಸಾಲು ಮಾಡಿಸಿ, ಟಿ.ವಿ.ಯ ಬೆಲೆಗಿಂತ ಹೆಚ್ಚು ಹಣವನ್ನು ಅದರ ಸಿಂಹಾಸನಕ್ಕೆ ಸುರಿಯುವವರಿದ್ದಾರೆ. ಅಷ್ಟು ಮಾಡಿದರೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಟಿ.ವಿ. ಮನೆಯೊಳಗೆ ಬೆರೆಯಬೇಕಾದರೆ ಅದಕ್ಕೆ ಶೃಂಗಾರ ಕಡಿಮೆಯಾಗಬೇಕು. ಅದು ಅಲ್ಪ ವೆಚ್ಚದಲ್ಲಿಯೇ ಸಾಧ್ಯ.

ಮೊದಲನೆಯದು ಸ್ಥಾನ. ಬಾಗಿಲಿನಿಂದ ಒಳಬಂದವರಿಗೆ ನೇರವಾಗಿ ಎದುರಾಗುವ ಗೋಡೆಯನ್ನು ಬಿಟ್ಟು, ಪಕ್ಕದ ಗೋಡೆಯನ್ನು ಆರಿಸಿಕೊಳ್ಳಬೇಕು. ಕಿಟಕಿ ಎದುರಿಗಿದ್ದರೆ ಪರದೆಯಲ್ಲಿ ಬೆಳಕು ಪ್ರತಿಫಲಿಸುತ್ತದೆ. ಕಿಟಕಿ ಪರದೆಯ ಹಿಂದಿದ್ದರೆ ಕಣ್ಣಿಗೆ ಆಯಾಸವಾಗುತ್ತದೆ. ಕಿಟಕಿಯು ಬದಿಗಿರುವ ಗೋಡೆಯೇ ಲೇಸು. ಟಿ.ವಿ.ಯನ್ನು ಮಾಳಿಗೆಗೆ ತಾಗುವಂತೆ ಎತ್ತರದಲ್ಲಿ ತೂಗುಹಾಕುವುದು ಈಗಿನ ರೂಢಿ. ಅದರಿಂದ ಕುತ್ತಿಗೆಗೆ ನೋವು, ಗೋಡೆಗೆ ಅಂದಗೇಡು. ಪರದೆಯ ಮಧ್ಯಭಾಗವು ಕುಳಿತವರ ಕಣ್ಣಿನ ಮಟ್ಟಕ್ಕೆ ಬರಬೇಕು: ಕುರ್ಚಿಯಲ್ಲಿ ಕೂರುವವರಿಗೆ ನೆಲದಿಂದ ಸುಮಾರು ಮೂರೂವರೆ ಅಡಿ, ಚಾಪೆ ಅಥವಾ ಗಾದಿಯ ಮೇಲೆ ಕೂರುವ ಮನೆಗಳಲ್ಲಿ ಇನ್ನೂ ಒಂದಡಿ ಕೆಳಗೆ. ಅಳತೆಯಲ್ಲಿಯೂ ಮಿತಿ ಇರಲಿ. 43 ಇಂಚಿನ ಟಿ.ವಿ. ಸುಮಾರು ಮೂರು ಅಡಿ ಎರಡು ಅಂಗುಲ ಅಗಲವಿರುತ್ತದೆ. ಆರೇಳು ಅಡಿ ದೂರದಲ್ಲಿ ಕೂರುವ ಕುಟುಂಬಕ್ಕೆ ಅದು ಸಾಕಾದೀತು.

ಎರಡನೆಯದು ಹಿನ್ನೆಲೆ. ಬಿಳಿಯ ಗೋಡೆಯ ಮೇಲೆ ಕರಿಯ ಚೌಕ ಎದ್ದು ಕಾಣುತ್ತದೆ. ಕಡುಬೂದು, ಕಾವಿಗೆಂಪು, ಕಡುಹಸಿರು ಇಂಥ ಗೋಡೆಯ ಮೇಲೆ ಅದೇ ಚೌಕ ಅಡಗುತ್ತದೆ. ಇಡೀ ಕೋಣೆಗೆ ಬಣ್ಣ ಹಚ್ಚುವ ಅಗತ್ಯವಿಲ್ಲ; ಆ ಒಂದು ಗೋಡೆಗೆ ಹೊಳಪಿಲ್ಲದ ಬಣ್ಣ ಹಚ್ಚಿದರೆ ಆಯಿತು. ಬಾಡಿಗೆ ಮನೆಯಲ್ಲಿ ಅದಕ್ಕೂ ಅವಕಾಶವಿಲ್ಲದಿದ್ದರೆ, ಹಳೆಯ ಸೀರೆಗಳಿಂದ ಹೊಲಿದ ಕೌದಿಯೊಂದನ್ನು ಟಿ.ವಿ.ಯ ಬದಿಯ ಗೋಡೆಗೆ ತೂಗುಹಾಕಬಹುದು. ಅದರ ಬಣ್ಣಗಳ ಎದುರು ಪರದೆ ಹಿಂದೆ ಸರಿಯುತ್ತದೆ.

ಮೂರನೆಯದು ಕಳೆದುಹೋದ ಆ ಕದ. ಅದನ್ನು ಬಟ್ಟೆಯಿಂದ ಮರಳಿ ಪಡೆಯಬಹುದು. ಗುಳೇದಗುಡ್ಡದ ಖಣದ ತುಂಡುಗಳನ್ನೋ, ಸೆರಗು ಮಾತ್ರ ಗಟ್ಟಿಯಾಗಿ ಉಳಿದ ಇಳಕಲ್ ಸೀರೆಯನ್ನೋ ಜೋಡಿಸಿ ಹೊಲಿದು, ಟಿ.ವಿ.ಗಿಂತ ಒಂದು ಗೇಣು ಮೇಲೆ ಸರಳಿಗೆ ಪೋಣಿಸಿದರೆ ಎರಡು ಬದಿಗೆ ಸರಿಯುವ ಪರದೆ ಸಿದ್ಧವಾಗುತ್ತದೆ. ಟಿ.ವಿ. ಹಚ್ಚುವ ಮೊದಲು ಅದನ್ನು ಪೂರ್ಣವಾಗಿ ಸರಿಸಬೇಕು. ಆರಿಸಿದ ಮೇಲೆ ಬಿಸಿ ಇಳಿಯುವವರೆಗೆ ಮುಚ್ಚಬಾರದು. ಹಳೆಯ ಗೋಡೆಗೂಡಿನಲ್ಲಿ ಇಡುವವರು ಸುತ್ತಲೂ ನಾಲ್ಕು ಅಂಗುಲವಾದರೂ ಗಾಳಿಗೆ ತೆರಪು ಬಿಡಬೇಕು.

ನಾಲ್ಕನೆಯದು ತಂತಿಗಳು. ಜೋಲಾಡುವ ಐದಾರು ತಂತಿಗಳು ಎಷ್ಟೇ ಚೊಕ್ಕವಾದ ಗೋಡೆಯನ್ನೂ ಕೆಡಿಸುತ್ತವೆ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ದೊರೆಯುವ ಪಿ.ವಿ.ಸಿ. ಪಟ್ಟಿಯೊಳಗೆ ಅವನ್ನು ಇಳಿಸಿ, ಪಟ್ಟಿಗೆ ಗೋಡೆಯ ಬಣ್ಣವನ್ನೇ ಬಳಿದರೆ ಅವು ಕಾಣವು. ಇದು ಕೆಲವು ನೂರು ರೂಪಾಯಿಗಳ ಕೆಲಸ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಮಣ್ಣಿನ ಗೋಡೆಗೆ, ಟೊಳ್ಳು ಇಟ್ಟಿಗೆಯ ತೆಳುಗೋಡೆಗೆ ಸಾಮಾನ್ಯ ತಿರುಪುಮೊಳೆ ಭಾರ ಹೊರುವುದಿಲ್ಲ. ಅಂಥ ಮನೆಗಳಲ್ಲಿ ಅಜ್ಜನ ಕಾಲದ ತೇಗದ ಪೆಟ್ಟಿಗೆಯೋ ಅಗಲವಾದ ಬೆಂಚೋ ಟಿ.ವಿ.ಗೆ ಉತ್ತಮ ಪೀಠ. ಹೊಸ ಕಪಾಟಿನ ಖರ್ಚೂ ಉಳಿಯುತ್ತದೆ. ಆದರೆ ಪೀಠ ಅಲುಗಾಡಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಎಳೆದರೂ ಮಗುಚಿ ಬೀಳದಂತೆ ಟಿ.ವಿ.ಯ ಹಿಂಬದಿಯನ್ನು ಗಟ್ಟಿಯಾದ ಆಸರೆಗೆ ಪಟ್ಟಿಯಿಂದ ಕಟ್ಟಲೇಬೇಕು.

ಕೊನೆಯದಾಗಿ, ಹಣವೇ ಬೇಕಿಲ್ಲದ ಕೆಲಸವೊಂದು ಉಳಿದಿದೆ: ಆಸನಗಳ ಜೋಡಣೆ. ಎಲ್ಲ ಕುರ್ಚಿಗಳೂ ಪರದೆಯ ಕಡೆಗಿರುವ ಪಡಸಾಲೆಗೆ ಬಂದ ಅತಿಥಿ, ಮನೆಯವರ ಮುಖದ ಬದಲು ಅವರ ಕಿವಿಗಳೊಡನೆ ಮಾತನಾಡಬೇಕಾಗುತ್ತದೆ. ಮನೆಯ ಹಿರಿಯಜ್ಜಿ ಏನೋ ಹೇಳಹೊರಟು, ಯಾರೂ ತನ್ನತ್ತ ತಿರುಗದ್ದನ್ನು ಕಂಡು ಅರ್ಧಕ್ಕೆ ನಿಲ್ಲಿಸುತ್ತಾಳೆ. ಆಕೆಯ ಬಾಯಲ್ಲಿರುವ ಕುಲದ ಕಥೆ, ಊರ ವೃತ್ತಾಂತ, ಅಡುಗೆಯ ಹದ ಇವೆಲ್ಲ ಹೀಗೆ ಅರ್ಧಕ್ಕೆ ನಿಂತು, ಆಕೆಯೊಡನೆ ಹೋಗಿಬಿಡುತ್ತವೆ. ಆದ್ದರಿಂದ ಆಸನಗಳು ಒಂದಕ್ಕೊಂದು ಎದುರಾಗಿರಲಿ. ಟಿ.ವಿ. ನೋಡಬೇಕೆನಿಸಿದಾಗ ನಾವು ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಳ್ಳೋಣ. ಆ ಶ್ರಮ ಹೆಚ್ಚಿನದಲ್ಲ.

ಬರುವ ಹಬ್ಬಕ್ಕೆ ಮನೆಗೆ ಸುಣ್ಣ-ಬಣ್ಣ ಮಾಡಿಸುವಾಗ ಗೃಹಿಣಿಯರೂ ಯಜಮಾನರೂ ಒಂದು ಸಂಜೆ ಟಿ.ವಿ. ಆರಿಸಿ, ಪಡಸಾಲೆಯಲ್ಲಿ ಕುಳಿತು ಸುತ್ತ ನೋಡಲಿ. ಅಂಗಡಿಗೆ ಹೋಗುವ ಮೊದಲು, ಇರುವ ವಸ್ತುಗಳಿಂದಲೇ ಎಷ್ಟು ಆಗುತ್ತದೆಯೋ ಅಷ್ಟನ್ನು ಅಂದೇ ಮಾಡಿ ಮುಗಿಸಲಿ.