ಹಳ್ಳ ಬತ್ತಿದರೂ ದಾರಿ ಇರಲಿ

‘ಬೇಸಿಗೆಗೆ ಒಣಗುವ ಹಳ್ಳಕ್ಕೆ ಮೀನಿನ ದಾರಿ ಯಾಕೆ? ಮೋರಿಯಲ್ಲಿ ನೀರು ಹೋದರೆ ಸಾಕಲ್ಲ’ ಎಂಬ ಬರಹ ಓದಿದೆ. ಸವಡಿ ಗ್ರಾಮದ ಸುತ್ತಲಿನ ಎರಿಹೊಲದ ಹಳ್ಳಗಳು ಬತ್ತುವುದು ನಿಜ. ಉಳಿದ ವಾದ ನಿಲ್ಲುವುದಿಲ್ಲ. ಮೀನು ಮಡುವಿನಲ್ಲೋ ಮಲಪ್ರಭೆಯಲ್ಲೋ ಜೀವ ಹಿಡಿದಿರುತ್ತದೆ. ಮುಂಗಾರಿನ ಹೊಸ ನೀರು ಬಂತೆಂದರೆ ತತ್ತಿಯಿಡಲು ಮೇಲೇರುತ್ತದೆ. ಸಿಗುವುದು ಕೆಲವೇ ದಿನ. ಆಗಲೇ ದಾರಿ ಮುಚ್ಚಿದರೆ ಆ ವರ್ಷದ ಸಂತಾನವೇ ಹೋಯಿತು.

ಮಳೆ ನಿಂತ ಮರುದಿನ ರಸ್ತೆ ಮೋರಿಯ ಸಿಮೆಂಟ್ ಪೈಪಿನ ಕೆಳಬಾಯಿಯಲ್ಲಿ ನಿಂತು ನೋಡಿ. ನೀರು ಧುಮುಕಿ ಗುಂಡಿ ಕೊರೆದಿರುತ್ತದೆ. ಬೆರಳುದ್ದದ ಪಕ್ಕೆ ಮೀನು ಜಿಗಿದು, ಅಂಚಿಗೆ ಬಡಿದು, ಮತ್ತೆ ಗುಂಡಿಗೇ ಬೀಳುತ್ತದೆ. ನೀರು ದಾಟಿತು, ಮೀನು ದಾಟಲಿಲ್ಲ.

ಮೋರಿಯನ್ನು ಮೀನು ದಾಟಬಲ್ಲುದೇ ಎಂಬ ಪರೀಕ್ಷೆಗೆ ಒಂದು ಟೇಪು, ಒಂದು ಗಡಿಯಾರ ಸಾಕು: ಪೈಪು ಹಳ್ಳದಷ್ಟು ಅಗಲವಿದೆಯೇ? ಕೆಳಬಾಯಿ ಎಷ್ಟು ಎತ್ತರದಲ್ಲಿದೆ? ಒಳಗೆ ಮರಳು, ಕಲ್ಲು ನಿಂತಿವೆಯೇ? ಆಳವೆಷ್ಟು, ಸೆಳವೆಷ್ಟು? ಮೀನಿನ ದಾರಿಯನ್ನು ಕಡೆಗಣಿಸಿದ ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೆ, ಸಾಲ್ಮನ್ ಮೀನಿಗಾಗಿ ನೂರಾರು ಮೋರಿ ಸರಿಪಡಿಸುವಂತೆ 2013ರಲ್ಲಿ ನ್ಯಾಯಾಲಯವೇ ಆದೇಶಿಸಬೇಕಾಯಿತು. ಕಟ್ಟುವಾಗಲೇ ಪೈಪನ್ನು ಅಗಲಿಸಿ, ತಳವನ್ನು ಹಳ್ಳದ ಪಾತ್ರಕ್ಕಿಂತ ತಗ್ಗಿನಲ್ಲಿ ಹೂತರೆ ಮುಕ್ಕಾಲು ಕೆಲಸ ಮುಗಿದಂತೆ. ಖರ್ಚಿನ ಮಾತಾಡುವವರು ಕಿರಿದಾದ ಮೋರಿಯಿಂದ ಕೊಚ್ಚಿಹೋಗುವ ರಸ್ತೆಯ ಲೆಕ್ಕವನ್ನೂ ಕೂಡಿಸಲಿ.